ಮಗುವಿನ ಹಲ್ಲಿಗೆ ಎಲ್ಲಿಗೆ ಹೋಗುವುದು: ಪೇಟೆಯ ಕ್ಲಿನಿಕ್ಕಾ, ಸರಕಾರಿ ಆಸ್ಪತ್ರೆಯಾ, ದೇರಳಕಟ್ಟೆಯ ದಂತ ಕಾಲೇಜಾ?

ನಮ್ಮದು ಕೇರಳದ ಗಡಿಜಿಲ್ಲೆ ಕಾಸರಗೋಡು. ಇಲ್ಲಿಯ ಬಡ್ಸ್ ಶಾಲೆ, ಅಂದರೆ ಬುದ್ಧಿ ಬೆಳವಣಿಗೆಯಲ್ಲಿ ತೊಂದರೆ ಇರುವ ಮಕ್ಕಳ ಶಾಲೆ, ಬಿಡುವ ಹೊತ್ತಿಗೆ ನಾವು ನಾಲ್ಕಾರು ಅಮ್ಮಂದಿರು ಜಗಲಿಯಲ್ಲಿ ಕೂತಿರುತ್ತೇವೆ. ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಹಲ್ಲಿಗೆ ಬಂದು ನಿಲ್ಲುತ್ತದೆ. ಕಳೆದ ತಿಂಗಳು ಒಂದೇ ವಾರದಲ್ಲಿ ಮೂವರು ಕೇಳಿದರು: "ಅಕ್ಕಾ, ಹಲ್ಲಿಗೆ ಎಲ್ಲಿಗೆ ಕರಕೊಂಡು ಹೋಗಲಿ?"

ಒಬ್ಬರ ಮಗ 6 ವರ್ಷದವನು, ಆಟಿಸಂ. ಮುಂದಿನ ಎರಡು ಹಲ್ಲು ಹುಳುಕು, ನೋವು ಇದ್ದಂತಿಲ್ಲ. ಇನ್ನೊಬ್ಬರ ಮಗಳಿಗೆ 11. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ), ಜೊತೆಗೆ ಫಿಟ್ಸ್. ಏಳೆಂಟು ಹಲ್ಲು ಹಾಳಾಗಿದೆ, ಮನೆಯಲ್ಲಿ ಯಾರಿಗೂ ರಾತ್ರಿ ನಿದ್ದೆಯಿಲ್ಲ. ಮೂರನೆಯವರು ಮುಳ್ಳೇರಿಯ ಕಡೆಯವರು. ಅವರ 9 ವರ್ಷದ ಹುಡುಗನಿಗೆ ಡೌನ್ ಸಿಂಡ್ರೋಮ್, ಸಣ್ಣದಿರುವಾಗ ಹೃದಯದ ಆಪರೇಶನ್ ಆಗಿದೆ. ಮೂವರ ಪ್ರಶ್ನೆ ಒಂದೇ. ಉತ್ತರ ಮಾತ್ರ ಮೂರು ಬೇರೆ.

ನಾನು ಡಾಕ್ಟರಲ್ಲ. ಆಟಿಸಂ ಇರುವ 15 ವರ್ಷದ ಹುಡುಗನ ಅಮ್ಮ, ಅಷ್ಟೇ. ಅವನ ಬಾಯಿಯ ಹಿಂದೆ ಓಡಾಡಿ ಓಡಾಡಿ ಸ್ವಲ್ಪ ತಿಳಿದುಕೊಂಡೆ. ಮೊದಲು ಮಾಡಿದ್ದು ತಪ್ಪೇ. ಅವನಿಗೆ 7 ಇದ್ದಾಗ ಕೆನ್ನೆ ಊದಿತು. ಹತ್ತಿರದ ಒಂದು ಕ್ಲಿನಿಕ್ಕಿಗೆ ಹೊತ್ತುಕೊಂಡು ಹೋದೆವು. ನಾಲ್ಕು ಜನ ಕೈಕಾಲು ಹಿಡಿದರು, ಹಲ್ಲು ಕಿತ್ತರು. ಹತ್ತು ನಿಮಿಷದ ಕೆಲಸ. ಆಮೇಲೆ ಎರಡು ವರ್ಷ ಅವನು ಬ್ರಶ್ಶನ್ನು ಬಾಯಿ ಹತ್ತಿರ ಬಿಡಲಿಲ್ಲ. ಆ ರಸ್ತೆಗೆ ಆಟೋ ತಿರುಗಿದರೆ ಕಿರುಚುತ್ತಿದ್ದ. ಒಂದು ಹಲ್ಲು ಹೋಗಿ, ಎರಡು ವರ್ಷದಲ್ಲಿ ಇನ್ನೂ ಐದು ಹಾಳಾಯಿತು. ಹಾಗಾಗಿ ಯಾವ ಆಸ್ಪತ್ರೆ ದೊಡ್ಡದು ಎಂದು ನೋಡುವ ಮೊದಲು ನಾನೀಗ ಬೇರೆ ಕೆಲವು ಲೆಕ್ಕ ಹಾಕುತ್ತೇನೆ.

ಮೊದಲು ನಿಮ್ಮ ಮಗುವಿನ ಲೆಕ್ಕ

ಎಷ್ಟು ಹಲ್ಲು, ಎಷ್ಟು ಅವಸರ? ಇದು ಮೊದಲನೆಯದು. ಮಾತು ಬಾರದ ಮಗು ಹಲ್ಲುನೋವು ಎಂದು ಹೇಳುವುದಿಲ್ಲ. ಕೆನ್ನೆಗೆ ಹೊಡೆದುಕೊಳ್ಳುತ್ತದೆ, ಮುಷ್ಟಿ ಬಾಯಿಗೆ ತುರುಕುತ್ತದೆ. ಇದ್ದಕ್ಕಿದ್ದಂತೆ ಗಟ್ಟಿ ತಿಂಡಿ ಬಿಟ್ಟು ಗಂಜಿ ಮಾತ್ರ ಕೇಳುತ್ತದೆ, ಒಂದೇ ಬದಿಯಲ್ಲಿ ಅಗಿಯುತ್ತದೆ, ಜೊಲ್ಲು ಜಾಸ್ತಿಯಾಗುತ್ತದೆ. "ಇತ್ತೀಚೆಗೆ ಹಠ ಜಾಸ್ತಿಯಾಗಿದೆ" ಎಂದು ಹೇಳುವ ಅಮ್ಮಂದಿರಿಗೆ ನಾನು ಮೊದಲು ಹೇಳುವುದು, ಟಾರ್ಚ್ ಹಿಡಿದು ಬಾಯಿ ನೋಡಿ ಎಂದು. ಕೆನ್ನೆ ಊದಿ ಜ್ವರ ಬಂದಿದ್ದರೆ, ಕಣ್ಣಿನ ಕೆಳಗೆ ಅಥವಾ ದವಡೆಯ ಕೆಳಗೆ ಬಾವು ಇಳಿಯುತ್ತಿದ್ದರೆ ಈ ಹೋಲಿಕೆಯೆಲ್ಲ ಆಮೇಲೆ. ಅವತ್ತೇ ಹತ್ತಿರದ ಆಸ್ಪತ್ರೆಗೆ ಹೋಗಿ.

ಎರಡನೆಯದು, ಮಗು ಏನನ್ನು ತಡೆದುಕೊಳ್ಳುತ್ತದೆ? ಕೆಲವರಿಗೆ ಮೆಶಿನಿನ ಶಬ್ದ ಆಗುವುದಿಲ್ಲ. ಕೆಲವರಿಗೆ ಕಣ್ಣಿಗೆ ಬೀಳುವ ಬೆಳಕು, ಕೆಲವರಿಗೆ ಗ್ಲೌಸಿನ ವಾಸನೆ. ನನ್ನ ಮಗನಿಗೆ ಇವು ಯಾವುದೂ ಅಲ್ಲ, ಕಾಯುವುದು ಆಗುವುದಿಲ್ಲ. ಇಪ್ಪತ್ತು ನಿಮಿಷ ದಾಟಿದರೆ ಮುಗಿಯಿತು.

ಮೂರನೆಯದು, ಬೇರೆ ಕಾಯಿಲೆ. ಇದನ್ನು ಯಾರೂ ಕೇಳದಿದ್ದರೂ ನೀವೇ ಹೇಳಬೇಕು. ಫಿಟ್ಸಿಗೆ ಫೆನಿಟೋಯಿನ್ ಕೊಡುತ್ತಿದ್ದರೆ ವಸಡು ಬೆಳೆದು ಹಲ್ಲನ್ನು ಮುಚ್ಚಬಹುದು. ವಾಲ್‌ಪ್ರೊಯೇಟ್ ಕೊಡುತ್ತಿದ್ದರೆ ಕೆಲವರಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಡಿಮೆಯಾಗುತ್ತದೆ, ಹಲ್ಲು ಕೀಳುವ ಮೊದಲು ರಕ್ತಪರೀಕ್ಷೆ ಬೇಕೇ ಎಂದು ಕೇಳಿಕೊಳ್ಳಬೇಕು. ಹೃದಯದ ತೊಂದರೆ ಇರುವ ಕೆಲವು ಮಕ್ಕಳಿಗೆ ಹಲ್ಲು ಕೀಳುವ ಅರ್ಧ-ಒಂದು ಗಂಟೆ ಮೊದಲು ಆಂಟಿಬಯಾಟಿಕ್ ಕೊಡಬೇಕಾಗುತ್ತದೆ. ಎಲ್ಲರಿಗೂ ಬೇಡ. ಬೇಕೋ ಬೇಡವೋ ಎನ್ನುವುದನ್ನು ಹೃದಯದ ಡಾಕ್ಟರರಿಂದ ಚೀಟಿಯಲ್ಲಿ ಬರೆಸಿಕೊಂಡೇ ಹೋಗಿ. ಡೌನ್ ಸಿಂಡ್ರೋಮ್ ಮಕ್ಕಳಲ್ಲಿ ಕೆಲವರ ಕುತ್ತಿಗೆಯ ಮೂಳೆ ಸಡಿಲ ಇರುತ್ತದೆ, ತಲೆಯನ್ನು ಹಿಂದಕ್ಕೆ ಒತ್ತಿ ಬಾಗಿಸಬಾರದು. ಸೆರೆಬ್ರಲ್ ಪಾಲ್ಸಿ ಇದ್ದು ನುಂಗಲು ಕಷ್ಟವಿರುವ ಮಗುವನ್ನು ಪೂರ್ತಿ ಮಲಗಿಸಿ ಬಾಯಿಗೆ ನೀರು ಬಿಟ್ಟರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಅರ್ಧ ಕೂರಿಸಿಯೇ ಕೆಲಸ ಮಾಡುವವರು ಬೇಕು.

ಆಮೇಲೆ ಭಾಷೆ. ಇದು ನಮ್ಮೂರಿನದ್ದೇ ಸಮಸ್ಯೆ. ಮನೆಯಲ್ಲಿ ತುಳುವೋ ಕನ್ನಡವೋ ಮಾತ್ರ ಕೇಳಿದ ಮಗುವಿಗೆ ಡಾಕ್ಟರು ಪ್ರೀತಿಯಿಂದಲೇ ಮಲಯಾಳದಲ್ಲಿ "ವಾಯ ತೊರಕ್ಕ್" (ಬಾಯಿ ತೆರೆ) ಎಂದರೆ ಏನು ಗೊತ್ತಾಗಬೇಕು? ನೀವು ನಡುವೆ ನಿಂತು ಹೇಳಬಹುದು. ಆದರೆ ಅದಕ್ಕೆ ನಿಮ್ಮನ್ನು ಒಳಗೆ ಬಿಡಬೇಕಲ್ಲ.

ಕೊನೆಯದಾಗಿ ದಾರಿ, ಮೆಟ್ಟಿಲು, ದುಡ್ಡು. ನಮ್ಮ ಪೇಟೆಗಳಲ್ಲಿ ಅರ್ಧಕ್ಕರ್ಧ ಹಲ್ಲಿನ ಕ್ಲಿನಿಕ್ಕುಗಳು ಮೆಡಿಕಲ್ ಶಾಪಿನ ಮೇಲಿನ ಮಾಳಿಗೆಯಲ್ಲಿವೆ. 30 ಕಿಲೋ ತೂಗುವ ಮಗುವನ್ನು ಎತ್ತಿಕೊಂಡು ಆ ಕಡಿದಾದ ಮೆಟ್ಟಿಲು ಹತ್ತಿದವರಿಗೆ ಇದು ಸಣ್ಣ ವಿಷಯ ಅಲ್ಲ ಎಂದು ಗೊತ್ತು. ದುಡ್ಡು ಎಂದರೆ ಬಿಲ್ಲು ಮಾತ್ರವಲ್ಲ. ಅಪ್ಪನ ಒಂದು ದಿನದ ಕೂಲಿಯೂ ಅದರಲ್ಲಿ ಸೇರುತ್ತದೆ.

ಹತ್ತಿರದ ಕ್ಲಿನಿಕ್

ನನ್ನ ಪಕ್ಷಪಾತ ಇದರ ಕಡೆಗೆ ಎಂದು ಮೊದಲೇ ಹೇಳುತ್ತೇನೆ. ಕಹಿ ಅನುಭವ ಆದದ್ದು ಇಂಥ ಜಾಗದಲ್ಲೇ ಆದರೂ, ಅದನ್ನು ಸರಿ ಮಾಡಿದ್ದೂ ಇಂಥದೇ ಇನ್ನೊಂದು ಜಾಗ. ಎರಡನೆಯ ಡಾಕ್ಟರು ಮೊದಲ ಐದು ಸಲ ಏನೂ ಮಾಡಲಿಲ್ಲ. ಒಂದು ದಿನ ಬಾಗಿಲವರೆಗೆ. ಇನ್ನೊಂದು ದಿನ ಕುರ್ಚಿಯಲ್ಲಿ ನಾನು ಮಲಗಿದೆ, ನನ್ನ ಮೇಲೆ ಅವನು. ಮತ್ತೊಂದು ದಿನ ಕನ್ನಡಿಯನ್ನು ಅವನ ಉಗುರಿಗೆ ತಾಗಿಸಿದರು, ಆಮೇಲೆ ಹಲ್ಲಿಗೆ. ಹೇಳಿ, ತೋರಿಸಿ, ಆಮೇಲೆ ಮಾಡುವುದು. ಮಕ್ಕಳ ಹಲ್ಲಿನ ಡಾಕ್ಟರರಿಗೆ ಕಲಿಸುವ ಹಳೆಯ ಕ್ರಮ ಇದೇ. ಇದಕ್ಕೆ ದೊಡ್ಡ ಮೆಶಿನ್ ಬೇಡ, ತಾಳ್ಮೆ ಬೇಕು. ಮತ್ತೆ ಮತ್ತೆ ಹೋಗಲು ಆಗುವಷ್ಟು ಹತ್ತಿರವೂ ಇರಬೇಕು. ಐದು ಸಲ ಸುಮ್ನೆ ಕುರ್ಚಿಯಲ್ಲಿ ಕೂರಿಸಲಿಕ್ಕೆ ಮಂಗಳೂರಿಗೆ ಯಾರು ಹೋಗುತ್ತಾರೆ?

ಇಲ್ಲಿ ಆಗುವ ಕೆಲಸ: ತಪಾಸಣೆ, ಫ್ಲೋರೈಡ್ ಹಚ್ಚುವುದು, ದವಡೆ ಹಲ್ಲಿನ ಗುಳಿಗಳನ್ನು ಸೀಲೆಂಟಿನಿಂದ ಮುಚ್ಚುವುದು, ಸಣ್ಣ ಫಿಲ್ಲಿಂಗ್, ಅಲುಗಾಡುವ ಹಾಲುಹಲ್ಲು ತೆಗೆಯುವುದು. ಇನ್ನೊಂದು ವಿಷಯ ಕೇಳಿ ನೋಡಿ, ಸಿಲ್ವರ್ ಡೈಅಮೈನ್ ಫ್ಲೋರೈಡ್. ಒಂದು ಹನಿ ದ್ರವವನ್ನು ಸಣ್ಣ ಬ್ರಶ್ಶಿನಲ್ಲಿ ಹುಳುಕಿಗೆ ಹಚ್ಚುತ್ತಾರೆ. ಕೊರೆಯುವುದಿಲ್ಲ, ಸೂಜಿಯಿಲ್ಲ, ಒಂದೆರಡು ನಿಮಿಷದ ಕೆಲಸ. ಹೆಚ್ಚಿನವರಲ್ಲಿ ಹುಳುಕು ಅಲ್ಲಿಗೇ ನಿಲ್ಲುತ್ತದೆ. ಆರು ತಿಂಗಳಿಗೊಮ್ಮೆ ಮತ್ತೆ ಹಚ್ಚಿಸಬೇಕು. ಬೆಲೆ ತೆರಬೇಕಾದದ್ದು ಬಣ್ಣದಲ್ಲಿ, ಹುಳುಕಾದ ಜಾಗ ಕಪ್ಪಾಗುತ್ತದೆ, ಕಪ್ಪಾಗಿಯೇ ಉಳಿಯುತ್ತದೆ. ಮುಂದಿನ ಹಲ್ಲಾದರೆ ಮದುವೆ ಮನೆಯಲ್ಲಿ ನಾಲ್ಕು ಜನ ಕೇಳುತ್ತಾರೆ. ಕೇಳಲಿ ಬಿಡಿ, ಹಾಲುಹಲ್ಲು ಹೇಗೂ ಬೀಳುತ್ತದೆ. ಆದರೆ ನರದವರೆಗೆ ಹೋದ ಹುಳುಕಿಗೆ, ರಾತ್ರಿ ಎಬ್ಬಿಸುವ ನೋವಿಗೆ, ಬಾವಿಗೆ ಇದು ಮದ್ದಲ್ಲ.

ನೋವಿಲ್ಲದ ಎರಡು ಹುಳುಕಿನ ಆ 6 ವರ್ಷದ ಹುಡುಗನಿಗೆ ನಾನು ಹೇಳಿದ್ದು ಇದೇ ದಾರಿ. ಜೊತೆಗೆ ಇನ್ನೊಂದು: 6 ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ ಒಂದು ಹೊಸ ದವಡೆ ಹಲ್ಲು ಬರುತ್ತದೆ. ಯಾವ ಹಲ್ಲೂ ಬೀಳದೆ ಬರುವುದರಿಂದ ಅದನ್ನೂ ಹಾಲುಹಲ್ಲು ಎಂದು ಬಿಟ್ಟುಬಿಡುತ್ತೇವೆ. ಅದು ಜೀವನಪೂರ್ತಿ ಇರಬೇಕಾದದ್ದು. ಅದಕ್ಕೆ ಸೀಲೆಂಟ್ ಹಾಕಿಸಲು ಇದೇ ಸಮಯ.

ಹತ್ತಿರದ ಕ್ಲಿನಿಕ್ಕಿನ ದೋಷ ಏನೆಂದರೆ ಎಲ್ಲವೂ ಆ ಒಬ್ಬ ಡಾಕ್ಟರರ ಸ್ವಭಾವದ ಮೇಲೆ ನಿಂತಿದೆ. ಫೋನಿನಲ್ಲೇ ಕೇಳಿ: "ಮೊದಲ ದಿನ ಏನೂ ಮಾಡದೆ ಸುಮ್ನೆ ಕೂರಿಸಲು ಆಗುತ್ತದಾ? ಬೆಳಿಗ್ಗೆ ಮೊದಲ ನಂಬರ್ ಕೊಡುತ್ತೀರಾ? ನಾನು ಒಳಗೆ ಇರಬಹುದಾ?" ಮೂರಕ್ಕೂ ಹೌದು ಎಂದರೆ ಹೋಗಿ. "ಕರಕೊಂಡು ಬನ್ನಿ, ನಾವು ಹಿಡಿದುಕೊಳ್ಳುತ್ತೇವೆ" ಎಂದರೆ ಬೇರೆ ಕಡೆ ನೋಡಿ.

ಸರಕಾರಿ ಆಸ್ಪತ್ರೆ ಮತ್ತು ಕ್ಯಾಂಪು

ಕಾಸರಗೋಡಿನ ಜನರಲ್ ಆಸ್ಪತ್ರೆ, ಮಂಗಲ್ಪಾಡಿಯ ತಾಲೂಕು ಆಸ್ಪತ್ರೆ ಇಂಥ ಕಡೆ ಖರ್ಚು ಬಹಳ ಕಡಿಮೆ. ಹಲ್ಲು ಕೀಳಬೇಕು, ಬಾವಿಗೆ ಔಷಧ ಬೇಕು ಎಂದರೆ ಇಲ್ಲಿಗೆ ಹೋದರೆ ಸಾಕು. ಮಕ್ಕಳ ಡಾಕ್ಟರು, ಎಕ್ಸ್‌ರೇ, ಲ್ಯಾಬು ಒಂದೇ ಕಾಂಪೌಂಡಿನಲ್ಲಿ ಸಿಗುವುದು ದೊಡ್ಡ ಅನುಕೂಲ. ಆದರೆ ಕ್ಯೂ ನಮ್ಮ ಮಕ್ಕಳಿಗಲ್ಲ. ಅಂಗವೈಕಲ್ಯದ ಯುಡಿಐಡಿ ಕಾರ್ಡು ತೋರಿಸಿ ಮೊದಲೇ ಬಿಡಲು ಕೇಳಿ, ನಾಚಿಕೆ ಬೇಡ. ಒಂದು ರೋಗಿಗೆ ಕೊಡಲು ಅಲ್ಲಿ ಡಾಕ್ಟರರ ಹತ್ತಿರ ಸಮಯ ಇಲ್ಲ ಎನ್ನುವುದು ಅವರ ತಪ್ಪಲ್ಲ, ಹೊರಗಿನ ಸಾಲು ನೋಡಿದರೆ ಗೊತ್ತಾಗುತ್ತದೆ.

ಶಾಲೆಗೆ ಬರುವ ಕ್ಯಾಂಪುಗಳು ನೋಡಲಿಕ್ಕೆ ಒಳ್ಳೆಯದು, ಮಾಡಲಿಕ್ಕಲ್ಲ. 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡುವ ಆರ್‌ಬಿಎಸ್‌ಕೆ ಯೋಜನೆಯ ಪಟ್ಟಿಯಲ್ಲಿ ಹುಳುಕು ಹಲ್ಲೂ ಇದೆ. ತಂಡ ಬಂದಾಗ ಬಾಯಿಯನ್ನೂ ನೋಡಿಸಿ, ರೆಫರ್ ಚೀಟಿ ಬರೆಸಿಕೊಳ್ಳಿ. ಮಗುವಿಗೆ ಪರಿಚಯದ ಬೆಂಚು, ಪರಿಚಯದ ಟೀಚರು ಇರುವಾಗ ಬಾಯಿ ತೆರೆಯುವುದು ಸುಲಭ. ಅಷ್ಟೇ ಅದರ ಲಾಭ.

ದಂತ ಕಾಲೇಜು

ನಮ್ಮ ಗಡಿಯವರಿಗೆ ಇದರಲ್ಲಿ ಆಯ್ಕೆ ಧಾರಾಳ. ದೇರಳಕಟ್ಟೆಯಲ್ಲಿ ಎ.ಬಿ. ಶೆಟ್ಟಿ ಮತ್ತು ಯೇನೆಪೋಯ, ಮಂಗಳೂರು ಪೇಟೆಯೊಳಗೆ ಮಣಿಪಾಲದವರ ಕಾಲೇಜು, ಮುಳ್ಳೇರಿಯ-ಆದೂರಿನವರಿಗೆ ಜಾಲ್ಸೂರು ದಾಟಿ ಸುಳ್ಯದ ಕೆವಿಜಿ, ಕಾಸರಗೋಡಿನಿಂದ ತೆಂಕಕ್ಕೆ ಪೊಯಿನಾಚಿಯಲ್ಲಿ ಒಂದು, ಇನ್ನೂ ಕೆಳಗೆ ಪರಿಯಾರಂನಲ್ಲಿ ಸರಕಾರಿ ಕಾಲೇಜು. ಕಾಲೇಜುಗಳಲ್ಲಿ ಮಕ್ಕಳ ಹಲ್ಲಿಗೇ ಬೇರೆ ವಿಭಾಗ ಇರುತ್ತದೆ, ಪೀಡೋಡಾಂಟಿಕ್ಸ್ ಎಂದು ಬೋರ್ಡು ಹಾಕಿರುತ್ತಾರೆ. ನೇರ ಅಲ್ಲಿಗೇ ಕಳಿಸಲು ಕೌಂಟರಿನಲ್ಲಿ ಕೇಳಿ.

ಖರ್ಚು ಖಾಸಗಿ ಕ್ಲಿನಿಕ್ಕಿಗಿಂತ ಎಷ್ಟೋ ಕಡಿಮೆ. ಚಿಕಿತ್ಸೆ ಮಾಡುವವರು ಎಂಡಿಎಸ್ ಎಂಬ ಮೇಲಿನ ಪದವಿ ಓದುತ್ತಿರುವ ಹಲ್ಲಿನ ಡಾಕ್ಟರರು, ಹಿಂದೆ ಪ್ರೊಫೆಸರ್ ನಿಂತಿರುತ್ತಾರೆ. "ಕಲಿಯುವವರ ಕೈಗೆ ಮಗುವನ್ನು ಕೊಡುವುದಾ?" ಎಂದು ಅತ್ತೆ ಕೇಳಿದ್ದರು. ನನ್ನ ಅನುಭವದಲ್ಲಿ ಆ ಹುಡುಗ ಹುಡುಗಿಯರಿಗೆ ಇರುವಷ್ಟು ಪುರುಸೊತ್ತು ಮತ್ತು ಉತ್ಸಾಹ ಬೇರೆ ಯಾರಿಗೂ ಇಲ್ಲ. ದೇರಳಕಟ್ಟೆಯಲ್ಲಿ ಕನ್ನಡ, ತುಳು, ಮಲಯಾಳ, ಬ್ಯಾರಿ ಎಲ್ಲ ನಡೆಯುತ್ತದೆ. ಅದಕ್ಕಿಂತ ಮುಖ್ಯ, ಆ ಎರಡು ಕಾಲೇಜುಗಳ ಪಕ್ಕದಲ್ಲೇ ಅವರದೇ ದೊಡ್ಡ ಆಸ್ಪತ್ರೆಗಳಿವೆ. ಹೃದಯದ ಡಾಕ್ಟರು, ಫಿಟ್ಸಿನ ಡಾಕ್ಟರು, ಅನಸ್ತೇಶಿಯಾದವರು ಎಲ್ಲ ಹತ್ತಿರ. ಡೌನ್ ಸಿಂಡ್ರೋಮ್ ಹುಡುಗನ ಅಮ್ಮನಿಗೆ ಹತ್ತಿರದ ಸುಳ್ಯವನ್ನು ಬಿಟ್ಟು ದೇರಳಕಟ್ಟೆ ಹೇಳಿದ್ದಕ್ಕೆ ಕಾರಣ ಇದು. ಅವನ ಹೃದಯದ ಫೈಲು ಮೊದಲಿನಿಂದಲೂ ಅಲ್ಲಿಯ ಆಸ್ಪತ್ರೆಯಲ್ಲೇ ಇದೆ. ಈ ಮಕ್ಕಳಲ್ಲಿ ಹಲ್ಲು ತಡವಾಗಿ ಬರುತ್ತದೆ, ಕೆಲವು ಬರುವುದೇ ಇಲ್ಲ. ಹುಳುಕಿಗಿಂತ ವಸಡಿನ ಕಾಯಿಲೆ ಬೇಗ ಹಿಡಿಯುತ್ತದೆ. ಅವನಿಗೆ ಬೇಕಾದದ್ದು ಮೂರು-ನಾಲ್ಕು ತಿಂಗಳಿಗೊಮ್ಮೆ ಕ್ಲೀನಿಂಗ್.

ಇನ್ನು ಕಷ್ಟಗಳು. ಬದಿಯಡ್ಕದಿಂದ ಕಾಸರಗೋಡು, ಅಲ್ಲಿಂದ ಮಂಗಳೂರು ಬಸ್ಸು, ತೊಕ್ಕೊಟ್ಟಿನಲ್ಲಿ ಇಳಿದು ಇನ್ನೊಂದು ಬಸ್ಸು. ಒಂದು ದಿನ ಹೋಯಿತು ಎಂದೇ ಲೆಕ್ಕ. ಒಂದು ಸಲಕ್ಕೆ ಮುಗಿಯುವುದೂ ಇಲ್ಲ. ದೊಡ್ಡ ಹಾಲಿನಲ್ಲಿ ಸಾಲು ಕುರ್ಚಿ, ಪಕ್ಕದಲ್ಲಿ ಇನ್ನೊಂದು ಮಗು ಅಳುತ್ತಿರುತ್ತದೆ. ಬೇರೆ ಕೋಣೆ ಕೊಡಿ ಎಂದು ಮೊದಲೇ ಕೇಳಿಕೊಳ್ಳಬೇಕು. ಎಂಡಿಎಸ್ 3 ವರ್ಷದ ಕೋರ್ಸು. ನನ್ನ ಮಗ ಒಬ್ಬ ಡಾಕ್ಟರಿಗೆ ಹೊಂದಿಕೊಳ್ಳುವಷ್ಟರಲ್ಲಿ ಅವರ ಓದು ಮುಗಿದು ಊರಿಗೆ ಹೋದರು. ಅವನಿಗೆ ಅದನ್ನು ಹೇಗೆ ವಿವರಿಸುವುದು?

ನಗೆ ಅನಿಲ, ಮಂಪರು, ಪೂರ್ತಿ ಅನಸ್ತೇಶಿಯಾ

ಮಂಗಳೂರಿನಲ್ಲಿ ಮಕ್ಕಳ ಹಲ್ಲಿನ ಖಾಸಗಿ ಡಾಕ್ಟರರೂ ಇದ್ದಾರೆ. ಸಮಯ ಕೊಟ್ಟರೆ ಆ ಸಮಯಕ್ಕೇ ನೋಡುತ್ತಾರೆ, ಕೋಣೆ ಶಾಂತ. ಬಿಲ್ಲು ಅದಕ್ಕೆ ತಕ್ಕ ಹಾಗೆ. ಇಲ್ಲಿ ಹೆಚ್ಚಾಗಿ ಹೇಳುವ ಉಪಾಯ ನಗೆ ಅನಿಲ, ಅಂದರೆ ನೈಟ್ರಸ್ ಆಕ್ಸೈಡ್. ಮೂಗಿಗೆ ಸಣ್ಣ ಮಾಸ್ಕು ಇಟ್ಟು ಉಸಿರಾಡಿಸುತ್ತಾರೆ, ಮಗು ಎಚ್ಚರ ಇರುತ್ತದೆ, ಹೆದರಿಕೆ ಇಳಿಯುತ್ತದೆ. ನಿಲ್ಲಿಸಿದರೆ ಬೇಗ ಸರಿಯಾಗುತ್ತದೆ. ಒಳ್ಳೆಯದೇ, ಆದರೆ ಮಾಸ್ಕನ್ನು ಮೂಗಿನ ಮೇಲೆ ಇಟ್ಟುಕೊಳ್ಳುವ ಮಗುವಿಗೆ ಮಾತ್ರ. ಮುಖ ಮುಟ್ಟಿಸಿಕೊಳ್ಳದವರಿಗೆ, ಮೂಗು ಕಟ್ಟಿ ಬಾಯಿಯಲ್ಲಿ ಉಸಿರಾಡುವವರಿಗೆ ದುಡ್ಡು ದಂಡ. ಒಂದು ವಾರ ಮನೆಯಲ್ಲಿ ಒಂದು ಪ್ಲಾಸ್ಟಿಕ್ ಲೋಟವನ್ನು ಮೂಗಿಗೆ ಹಿಡಿದು ನೋಡಿ, ಗೊತ್ತಾಗುತ್ತದೆ.

ಮಂಪರಿನ ಸಿರಪ್ಪು ಕೊಟ್ಟು ಮಾಡುವುದೂ ಇದೆ. ರಕ್ತದ ಆಕ್ಸಿಜನ್ ನೋಡುವ ಉಪಕರಣ ಕೈಗೆ ಸಿಕ್ಕಿಸಿ, ತರಬೇತಿಯಾದವರು ಪಕ್ಕದಲ್ಲೇ ಇದ್ದು ಮಾಡುವುದಾದರೆ ಸರಿ. ಕೆಲವು ಮಕ್ಕಳು ಇದರಿಂದ ಮಲಗುವ ಬದಲು ಇನ್ನಷ್ಟು ಕೆರಳುತ್ತಾರೆ. ಹೊರಡುವಾಗ ನಿದ್ದೆ ಬರಲಿ ಎಂದು ಮನೆಯಲ್ಲೇ ಶೀತದ ಸಿರಪ್ಪು ಕೊಡುವವರಿದ್ದಾರೆ. ದಯವಿಟ್ಟು ಬೇಡ.

ಇನ್ನು ಪೂರ್ತಿ ಅನಸ್ತೇಶಿಯಾ. ಆಸ್ಪತ್ರೆಯ ಆಪರೇಶನ್ ಥಿಯೇಟರಿನಲ್ಲಿ ನಿದ್ದೆ ಬರಿಸಿ, ಬಾಯಿಯ ಎಲ್ಲ ಕೆಲಸವನ್ನೂ ಒಂದೇ ಸಲ ಮುಗಿಸುವುದು. ಹೆಸರು ಕೇಳಿದರೇ ಮನೆಯವರು ಹೆದರುತ್ತಾರೆ. ನಾನೂ ಹೆದರಿದ್ದೆ. ಆದರೆ ಏಳೆಂಟು ಹಲ್ಲು ಹಾಳಾದ, ಬಾಯಿ ತೆರೆದು ಹಿಡಿಯಲಾಗದ, ನೋವಿನಲ್ಲಿರುವ ಆ 11ರ ಹುಡುಗಿಯನ್ನು ಎಂಟು ಸಲ ದೇರಳಕಟ್ಟೆಗೆ ಹೊತ್ತುಕೊಂಡು ಹೋಗಿ ಎಂಟು ಸಲ ಹಿಡಿದು ಮಾಡಿಸುವುದು ಯಾವ ಲೆಕ್ಕದಲ್ಲಿ ಸುರಕ್ಷಿತ? ಅವಳಿಗೆ ನಾನು ಹೇಳಿದ್ದು ಇದನ್ನೇ. ಖಾಸಗಿಯಲ್ಲಾದರೆ ಹತ್ತಾರು ಸಾವಿರ ಬೇಕು. ಕಾಲೇಜಿನ ಆಸ್ಪತ್ರೆಯಲ್ಲಿ ಕಡಿಮೆ, ಆದರೆ ದಿನಾಂಕಕ್ಕೆ ಕಾಯಬೇಕು. ಕಾಯುವಾಗ ಹುಳುಕು ಬೆಳೆಯದ ಹಾಗೆ, ಹುಳುಕನ್ನು ಕಪ್ಪಾಗಿಸುವ ಆ ಸಿಲ್ವರ್ ಡೈಅಮೈನ್ ದ್ರವ ಹಚ್ಚಿಸಿಕೊಂಡಿರಬಹುದು.

ಕೆಲವು ವಿಷಯ ಮೊದಲೇ ಮಾತಾಡಿಕೊಳ್ಳಿ. ಹಿಂದಿನ ದಿನಗಳಲ್ಲಿ ಅನಸ್ತೇಶಿಯಾ ಡಾಕ್ಟರು ನೋಡುತ್ತಾರೆ, ರಕ್ತಪರೀಕ್ಷೆ ಇರುತ್ತದೆ. ಸಾಮಾನ್ಯವಾಗಿ 6 ಗಂಟೆ ಮೊದಲಿನಿಂದ ಊಟ, ಹಾಲು ಇಲ್ಲ, 2 ಗಂಟೆ ಮೊದಲಿನಿಂದ ನೀರೂ ಇಲ್ಲ. ಫಿಟ್ಸಿನ ಮದ್ದನ್ನು ಮಾತ್ರ ನೀವಾಗಿ ಬಿಡಬೇಡಿ, ಬೆಳಿಗ್ಗಿನ ಡೋಸು ಹೇಗೆ ಕೊಡುವುದೆಂದು ಕೇಳಿ. ಉಳಿಯುವುದು ಸಂಶಯ ಇರುವ ಹಲ್ಲನ್ನು ರೂಟ್ ಕೆನಾಲ್ ಮಾಡಿ ಉಳಿಸುವುದಾ, ಕೀಳುವುದಾ? ಹಾಲುಹಲ್ಲನ್ನು ಬೇಗ ಕಿತ್ತರೆ ಪಕ್ಕದ ಹಲ್ಲು ಜರುಗಿ ಜಾಗ ಹೋಗುತ್ತದೆ. ಉಳಿಸಿದ್ದು ಕೆಟ್ಟರೆ ಇನ್ನೊಮ್ಮೆ ಅನಸ್ತೇಶಿಯಾ. ಮತ್ತೆ ಮತ್ತೆ ಬರಲಾಗದ ಮಗುವಿಗೆ ಗಟ್ಟಿಯಾದ ಸ್ಟೀಲಿನ ಕ್ಯಾಪು, ಸಂಶಯದ್ದನ್ನು ತೆಗೆಯುವುದು, ಇದೇ ಸಾಮಾನ್ಯವಾಗಿ ಒಪ್ಪುವಂಥದ್ದು. ಚಂದ ಆಮೇಲೆ ನೋಡೋಣ. ಇನ್ನೊಂದು ತಮಾಷೆ ಹೇಳುತ್ತೇನೆ. ನನ್ನ ಮಗ ಮಲಗಿದ್ದಾಗ ಡಾಕ್ಟರರನ್ನು ಕೇಳಿ ರಕ್ತವನ್ನೂ ತೆಗೆಸಿದೆ, ಕಿವಿಯನ್ನೂ ನೋಡಿಸಿದೆ, ನರ್ಸಮ್ಮ ಕಾಲಿನ ಉಗುರು ಕತ್ತರಿಸಿಕೊಟ್ಟರು. ಆರು ತಿಂಗಳಲ್ಲಿ ಮೊದಲ ಸಲ!

ಹಲ್ಲು ಸರಿಯಾಯಿತೆಂದು ಮನೆಯ ಅಭ್ಯಾಸ ಮೊದಲಿನಂತೆಯೇ ಇದ್ದರೆ ಎರಡು-ಮೂರು ವರ್ಷದಲ್ಲಿ ಮತ್ತೆ ಅದೇ ಥಿಯೇಟರು. ಫಿಟ್ಸಿನ ಹಲವು ಸಿರಪ್ಪುಗಳಲ್ಲಿ ಸಕ್ಕರೆ ಇರುತ್ತದೆ, ರಾತ್ರಿ ಕೊಟ್ಟ ಮೇಲೆ ಬಾಯಿ ಒರೆಸಿ. ಸಿಕ್ಕಿದರೆ ಸಕ್ಕರೆಯಿಲ್ಲದ್ದು ಕೇಳಿ. ಚಾಯದಲ್ಲಿ ಅದ್ದಿದ ರಸ್ಕು, ಹಲಸಿನ ಹಣ್ಣಿನದ್ದೋ ಮಾವಿನದ್ದೋ ಮಾಂಬಳ, ಇವು ಹಲ್ಲಿಗೆ ಅಂಟಿ ಗಂಟೆಗಟ್ಟಲೆ ಕೂರುತ್ತವೆ. ನಾಲಿಗೆಯಿಂದ ತೆಗೆಯಲು ಬಾರದ ಮಕ್ಕಳಿಗಂತೂ ಕೇಳುವುದೇ ಬೇಡ. ಫ್ಲೋರೈಡ್ ಇರುವ ಪೇಸ್ಟು, 3 ವರ್ಷದೊಳಗೆ ಅಕ್ಕಿಕಾಳಿನಷ್ಟು, 3ರಿಂದ 6ರವರೆಗೆ ಬಟಾಣಿಯಷ್ಟು. ಉಗುಳಲು ಬಾರದಿದ್ದರೆ ಎಷ್ಟು ಹಾಕಬೇಕೆಂದು ನಿಮ್ಮ ಡಾಕ್ಟರರನ್ನೇ ಕೇಳಿ.

ದುಡ್ಡಿನ ವಿಷಯ

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವೈಕಲ್ಯ ಇರುವವರಿಗೆ ಕೇಂದ್ರ ಸರಕಾರದ ನ್ಯಾಶನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ಇದೆ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಹಲ್ಲಿನ ಮುನ್ನೆಚ್ಚರಿಕೆಯ ಚಿಕಿತ್ಸೆಗೂ ಅದರಲ್ಲಿ ಒಂದು ಸಣ್ಣ ಪಾಲು ಇದೆ. ಯಾವ ಆಸ್ಪತ್ರೆಗೆ ಹೋದರೂ ಬಿಲ್ಲು ಕೊಟ್ಟು ಹಣ ಕೇಳಬಹುದಾದ್ದರಿಂದ ಗಡಿ ದಾಟುವ ನಮಗೆ ಅನುಕೂಲ. ಬಿಲ್ಲು, ಚೀಟಿ, ಎಕ್ಸ್‌ರೇ ಒಂದೂ ಎಸೆಯಬೇಡಿ. ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಸರಕಾರಿ ಪಟ್ಟಿಯಲ್ಲಿ ಹೆಸರಿರುವವರು, ಕೇರಳದ ಆರೋಗ್ಯ ಕಾರ್ಡು ಇರುವವರು, ಆ ಕಾರ್ಡು ಹಲ್ಲಿನ ವಿಭಾಗಕ್ಕೂ ನಡೆಯುತ್ತದಾ ಎಂದು ಬಸ್ಸು ಹತ್ತುವ ಮೊದಲು ಫೋನು ಮಾಡಿ ಕೇಳಬೇಕು. ಆಸ್ಪತ್ರೆಗೆ ನಡೆದರೂ ದಂತ ಕಾಲೇಜಿನ ಕೌಂಟರು ಬೇರೆಯೇ ಆಗಿರಬಹುದು.

ಎಲ್ಲವನ್ನೂ ಒಂದೇ ಜಾಗದಲ್ಲಿ ಮಾಡಿಸಬೇಕೆಂದು ಯಾರೂ ಹೇಳಿಲ್ಲ. ನಾನು ಈಗ ಮಾಡುವುದು ಹೀಗೆ: ತಪಾಸಣೆಗೆ, ಫ್ಲೋರೈಡಿಗೆ ಹತ್ತಿರದ ಡಾಕ್ಟರು. ದೊಡ್ಡ ಕೆಲಸಕ್ಕೆ ದೇರಳಕಟ್ಟೆ. ಗಡಿಯ ಈಚೆ ಒಬ್ಬರು ಪರಿಚಯದವರು ಇರಲೇಬೇಕು. 2020ರಲ್ಲಿ ಕೋವಿಡ್ ಎಂದು ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದವರ ಪಾಡು ಏನಾಯಿತು ಎಂದು ನಾವೆಲ್ಲ ನೋಡಿದ್ದೇವೆ. ಇನ್ನೊಂದು ಕಾರಣವೂ ಇದೆ. ಮಗು ದೊಡ್ಡದಾದ ಮೇಲೆ ಮಕ್ಕಳ ವಿಭಾಗದ ಬಾಗಿಲು ಮುಚ್ಚಬಹುದು. ನಮ್ಮ ಶಾಲೆಯಲ್ಲಿ ಮೀಸೆ ನರೆತವರನ್ನೂ ಮಕ್ಕಳು ಎಂದೇ ಕರೆಯುತ್ತೇವೆ. ಆದರೆ ಆಸ್ಪತ್ರೆಗೆ ಅವರು ದೊಡ್ಡವರು. ಆಗ ಪರಿಚಯದವರಾಗಿ ಉಳಿಯುವುದು ಊರಿನ ಡಾಕ್ಟರು ಮಾತ್ರ.

ಮೂವರಲ್ಲಿ ಹುಡುಗಿಯ ಅಮ್ಮನಿಗೆ ಅನಸ್ತೇಶಿಯಾದ ದಿನ ಸಿಕ್ಕಿದೆ, ಮುಂದಿನ ತಿಂಗಳು. ಡೌನ್ ಸಿಂಡ್ರೋಮ್ ಹುಡುಗನಿಗೆ ಹೃದಯದ ಡಾಕ್ಟರರ ಚೀಟಿ ಆಗಬೇಕಷ್ಟೇ. 6 ವರ್ಷದವನ ಮನೆಯಲ್ಲಿ ಅಜ್ಜನ ಈಸಿಚೇರೇ ಈಗ ಹಲ್ಲಿನ ಕುರ್ಚಿ. ಸಂಜೆ ಹೊತ್ತು ಅಜ್ಜ ಟಾರ್ಚ್ ಹಿಡಿಯುತ್ತಾರೆ, ಅಮ್ಮ ಚಮಚ ಹಿಡಿದು ಹತ್ತರವರೆಗೆ ಎಣಿಸುತ್ತಾರೆ. ನಿನ್ನೆ ಆರಕ್ಕೆ ಎದ್ದು ಓಡಿದನಂತೆ.